ಲೀಗಿನ ಸರಾಸರಿಗೆ ಸಾರು ಬಡಿಸಿದ ತೆಲೆಸ್ಫೊರೊ

ಅಜ್ಜ ಜೊಸಾಯ ಪೆಂಬರ್ಟನ್ ಕಬ್ಬು ಕಡಿಯಲೆಂದು ನೇವಿಸ್ ದ್ವೀಪದಿಂದ ಸ್ಪ್ಯಾನಿಷ್ ಮಾತಿನ ಊರು ಸಾನ್ ಪೆದ್ರೊಗೆ ಬಂದಿಳಿದಾಗ ಹೆಗಲ ಮೇಲಿದ್ದದ್ದು ಮಚ್ಚಲ್ಲ, ಕ್ರಿಕೆಟ್ ಬ್ಯಾಟು. ಇಲ್ಲಿಯವರು ಆಡುವುದು ಬೇಸ್‌ಬಾಲ್ ಎಂದು ತಿಳಿದ ದಿನವೇ ಅದನ್ನು ಕೊಡಲಿಯಿಂದ ಕೆತ್ತಿ ದುಂಡಗೆ ಮಾಡಿಕೊಂಡ. ಅಪ್ಪ ಇಸ್ಮಾಯೆಲ್ ಹೊಡೆದ ಚೆಂಡು ಸಕ್ಕರೆ ಕಾರ್ಖಾನೆಯ ಸಾಹೇಬನ ಕಿಟಕಿ ಒಡೆದು ಊಟದ ಬಟ್ಟಲಿಗೇ ಬಿತ್ತು. ಕೆಲಸ ಹೋಯಿತು, ಹೆಸರು ಉಳಿಯಿತು. ಅಂದಿನಿಂದ ಪೆಂಬರ್ಟನ್ ಇಲ್ಲದ ತಂಡವನ್ನು ಊರು ಕಂಡಿಲ್ಲ.

ಮೂರನೆಯ ತಲೆಮಾರಿನವನು ತೆಲೆಸ್ಫೊರೊ. ಮೈದಾನದ ಬಾಗಿಲಲ್ಲೇ ಮೊಂದೊಂಗೊ ಎಂಬ ಕರುಳಿನ ಸಾರು ಮಾರುತ್ತಾನೆ. ಹಿರಿಯರ ಲೀಗಿನಲ್ಲಿ ಒಂದು ಕಟ್ಟಳೆಯಿತ್ತು: ಋತು ಮುಗಿದಾಗ ಯಾರ ಬ್ಯಾಟಿಂಗ್ ಸರಾಸರಿ ಲೀಗಿನ ಸರಾಸರಿಗಿಂತ ಕಡಿಮೆಯೋ ಅವನು ತಂಡದ ಅಂಗಿ ಬಿಚ್ಚಿಕೊಟ್ಟು ಹೊರಬೀಳಬೇಕು. ಸಾವಿರ ಸಲ ಬ್ಯಾಟ್ ಹಿಡಿದರೆ ಎಷ್ಟು ಸಲ ಹೊಡೆತ ಕೂಡುತ್ತದೆಂಬ ಈ ಲೆಕ್ಕವನ್ನು ಒವಿದಿಯಾ ಟೀಚರು ಸೋಮವಾರ ಸೋಮವಾರ ತೆಲೆಸ್ಫೊರೊನ ಅಂಗಡಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಲೀಗಿನದು ೨೪೯. ತೆಲೆಸ್ಫೊರೊನದು ೨೩೫.

ಗೋಡೆಯ ಮುಂದೆ ನಿಂತು ಅವನು ಗಲ್ಲ ಕೆರೆದುಕೊಂಡ. ತನ್ನ ತೋಳು ಇನ್ನು ಮೇಲೇಳದು, ಸರಿ. ಆದರೆ ಉಳಿದವರನ್ನು ಕೆಳಗಿಳಿಸುವುದಕ್ಕೆ ಯಾರ ಅಪ್ಪಣೆ ಬೇಕು? ಭಾನುವಾರ ಆಟಕ್ಕೆ ಮುಂಚೆ ಎದುರಾಳಿಗಳಿಗೆಲ್ಲ ಪುಕ್ಕಟೆ ಮೊಂದೊಂಗೊ ಎಂದು ಸಾರಿಬಿಟ್ಟ. ಹೊಟ್ಟೆ ಬಿರಿಯೆ ಉಂಡವನು ಬ್ಯಾಟ್ ಬೀಸುವುದುಂಟೇ!

ಹೆಂಡತಿ ಕಸಿಲ್ದಾಗೆ ವಾಸನೆ ಹತ್ತಿತು.

"ಏನಯ್ಯಾ, ನಿನ್ನ ಕೈ ಏಳಲ್ಲ ಅಂತ ಊರವರ ಹೊಟ್ಟೆಗೆ ಕಲ್ಲು ಕಟ್ತಿದ್ದೀಯಾ?"

"ನೀನು ಇನ್ನೊಂದಿಷ್ಟು ಬಾಳೆಕಾಯಿ ಹಾಕು," ಎಂದ.

ಮೂರು ಭಾನುವಾರ ಹಂಡೆ ಬರಿದಾಯಿತು. ಮೂರನೆಯ ಸೋಮವಾರ ಗೋಡೆ ನೋಡಿದರೆ ಲೀಗಿನ ಸರಾಸರಿ ೨೬೩ಕ್ಕೆ ಏರಿ ಕೂತಿತ್ತು. ಬ್ಯಾಟ್ ಹಿಡಿದವನು ನಿಂತಲ್ಲೇ ನಿಂತು ಬೀಸಿದರಾಯಿತು. ಮಧ್ಯಾಹ್ನವೆಲ್ಲ ಬೆವರು ಸುರಿಸಿ ಎಸೆಯಬೇಕಾದವನೂ ಅದೇ ಹಂಡೆಯಲ್ಲಿ ಉಂಡಿದ್ದಾನೆಂಬುದು ತೆಲೆಸ್ಫೊರೊನ ತಲೆಗೇ ಹೊಳೆದಿರಲಿಲ್ಲ. ಚೆಂಡುಗಳು ಹಣ್ಣಾದ ಪಪ್ಪಾಯಿಯಂತೆ ತೇಲಿ ಬಂದವು. ಕಾವಲು ನಿಂತವರು ಬಗ್ಗಲಾರದೆ ಅವು ಕಾಲ ಸಂದಿಯಲ್ಲೇ ಹಾದುಹೋದವು. ತೆಲೆಸ್ಫೊರೊನದೂ ೨೪೧ಕ್ಕೆ ತೆವಳಿತ್ತು. ಇನ್ನೂ ಏರುತ್ತಿತ್ತೋ ಏನೋ. ಆದರೆ ಕರೆದ ಅತಿಥಿಯ ಜೊತೆ ಕೂತು ಉಣ್ಣದಿದ್ದರೆ ಮರ್ಯಾದೆಯಲ್ಲವೆಂದು ಅವನು ಒಬ್ಬೊಬ್ಬರ ಜೊತೆಗೂ ಒಂದೊಂದು ಬಟ್ಟಲು ಇಳಿಸಿದ್ದ.

"ನೀನೇನೋ ಹತ್ತಿದ್ದೀಯ," ಎಂದರು ಟೀಚರು, "ಊರೆಲ್ಲ ನಿನ್ನ ಹೆಗಲ ಮೇಲೆ ಕಾಲಿಟ್ಟು ಹತ್ತಿದೆ."

ಕೊನೆಯ ಭಾನುವಾರ ಅಡುಗೆ ನಿಲ್ಲಿಸೋಣವೆಂದರೆ ಎದುರಾಳಿಗಳು ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಡಿಸಿದ. ಆಟದಲ್ಲಿ ಅವನ ಪಾಲಿಗೆ ಬಂದದ್ದು ಒಂದೇ ಸರದಿ, ಋತುವಿನ ಮೂವತ್ತನೆಯದು; ಹಿಂದಿನ ಇಪ್ಪತ್ತೊಂಬತ್ತರಲ್ಲಿ ಏಳು ಕೂಡಿದ್ದವು. ಹೊಡೆತ ಕೂಡಿದರೆ ಅವನ ಲೆಕ್ಕ ೨೬೭, ಅಂಗಿ ಉಳಿಯುತ್ತದೆ. ಇಲ್ಲವಾದರೆ ಪೆಂಬರ್ಟನ್ನರ ಕಥೆ ಅಲ್ಲಿಗೆ ಮುಗಿಯಿತು.

ಎಸೆಯುವವನು ಅನ್ಸೆಲ್ಮೊ, ತೆಲೆಸ್ಫೊರೊನ ಹಿರಿಮಗಳಿಗೆ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು; ಆ ನಂಟಿಗೆ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ. ಶೂ ಲಾಡಿ ಕಟ್ಟುವ ನೆಪದಲ್ಲಿ ಹತ್ತಿರ ಬಂದು ಪಿಸುಗುಟ್ಟಿದ: "ಕೊಂಪಾದ್ರೆ, ನಿನ್ನ ಅನ್ನ ಉಂಡಿದ್ದೀನಿ. ಮೆತ್ತಗೆ, ಸೊಂಟದ ಎತ್ತರಕ್ಕೆ ಹಾಕ್ತೀನಿ. ಕಣ್ಣು ಮುಚ್ಕೊಂಡು ಬೀಸು."

ಬೇಲಿಯಾಚೆ ಕಸಿಲ್ದಾ ಸೌಟು ಹಿಡಿದೇ ನಿಂತಿದ್ದಳು. ತೆಲೆಸ್ಫೊರೊ ಅಂಗಿಯ ಗುಂಡಿ ಸರಿಮಾಡಿಕೊಂಡ.

"ಪೆಂಬರ್ಟನ್ನರು ಬಡಿಸ್ತಾರೆ ಕೊಂಪಾದ್ರೆ, ಬಡಿಸಿಕೊಳ್ಳಲ್ಲ. ನಿನ್ನ ಜಾಗಕ್ಕೆ ಹೋಗು. ಹೊಟ್ಟೆ ಭಾರವಾಗಿದ್ರೆ ಮೊದಲು ತೇಗು, ನಾನು ಕಾಯ್ತೀನಿ. ಆಮೇಲೆ ನಿನ್ನ ಕೈಲಾದಷ್ಟು ಜೋರಾಗಿ ಎಸಿ."