ಲಲಿತಕ್ಕನ ಮನೆಯ ತಂತಿ

ನನ್ನ ಮನೆಯ ಇಂಟರ್ನೆಟ್ ಕಡಿಯದೆ ನಡೆಯಬೇಕೆಂಬ ಒಂದೇ ಕಾರಣಕ್ಕೆ, ನೆರೆಮನೆಯ ಲಲಿತಕ್ಕನ ದೂರವಾಣಿ ತಂತಿಯನ್ನು ನಾನು ನನ್ನದಾಗಿಸಿಕೊಂಡೆ. ನನ್ನ ಹಾಳು ತಂತಿ ಅವರ ಮನೆಗೆ ಹೋಯಿತು. ಅದರಿಂದ ಅವರ ಸಂಸಾರದಲ್ಲಿ ಒಂದು ಸಂಶಯ ಹುಟ್ಟಿತು. ಅದನ್ನು ಒಂದೇ ವಾಕ್ಯದಲ್ಲಿ ನಿವಾರಿಸಬಹುದಾಗಿದ್ದವನು ನಾನು. ಆ ವಾಕ್ಯವನ್ನು ಹನ್ನೊಂದು ವರ್ಷ ನಾನು ಹೇಳಲಿಲ್ಲ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ, ಯಾವ ಪಕ್ಷ ಕೊಟ್ಟರೂ ಗೆದ್ದು ಬರುತ್ತಿದ್ದವನು ನಾನು. ಇಲ್ಲಿ ನನ್ನ ಪಕ್ಷವನ್ನು ವಾದಿಸಬಾರದೆಂದು ಕುಳಿತಿದ್ದೇನೆ — ಎಷ್ಟರಮಟ್ಟಿಗೆ ಸಾಧ್ಯವಾಗುತ್ತದೋ.

ಗಡಿನಾಡಿನ ಬಂದ್ಯೋಡು ಪೇಟೆಯಿಂದ ಒಳಗೆ, ಗುಡ್ಡದ ಹಿಂದಿನ ತಗ್ಗಿನಲ್ಲಿ ನಮ್ಮ ಎರಡು ಮನೆಗಳು. ನಡುವೆ ಒಂದೇ ಕಂಪೌಂಡು ಗೋಡೆ. 2007ರ ಸುಮಾರಿಗೆ ಆ ತಗ್ಗಿಗೆ ಮೊಬೈಲ್ ಸಿಗ್ನಲ್ ಇಳಿಯುತ್ತಿರಲಿಲ್ಲ. ಹೊರಜಗತ್ತಿಗೂ ನಮಗೂ ಇದ್ದದ್ದು ದೂರವಾಣಿ ತಂತಿಯ ಸಂಬಂಧ ಮಾತ್ರ. ನಾನು ಉಪ್ಪಳದ ಒಂದು ಪ್ಯಾರಲಲ್ ಕಾಲೇಜಿನಲ್ಲಿ, ಅಂದರೆ ಖಾಸಗಿ ಟ್ಯುಟೋರಿಯಲಿನಲ್ಲಿ, ಪಾಠ ಮಾಡುತ್ತಿದ್ದೆ. ಉಳಿದ ಹೊತ್ತು, ನಾಲ್ಕಾರು ಮಂದಿ ಸೇರಿ ಕಟ್ಟಿಕೊಂಡಿದ್ದ ನಾಗರಿಕ ವೇದಿಕೆಯೊಂದರ ಕಾರ್ಯದರ್ಶಿ. ಸರಕಾರಿ ಅರ್ಜಿ ನಮೂನೆಗಳು ಮಲಯಾಳಂನಲ್ಲಿ ಮಾತ್ರವಲ್ಲ, ಕನ್ನಡದಲ್ಲೂ ಸಿಗಬೇಕು, ಯಾವ ಕಚೇರಿಯಲ್ಲೂ ಪ್ರಭಾವದಿಂದ ಕೆಲಸ ಆಗಬಾರದು — ಇವೆರಡು ನಮ್ಮ ಬೇಡಿಕೆಗಳು. ಎರಡನೆಯದನ್ನು ಇಲ್ಲಿ ಬರೆಯುವಾಗ ಕೈ ತಡೆಯುತ್ತದೆ.

ನಮೂನೆಗಳನ್ನು ಅನುವಾದಿಸಿ, ಬೆರಳಚ್ಚು ಮಾಡಿ, ವಿದ್ಯಾನಗರದ ಜಿಲ್ಲಾ ಕಚೇರಿಗಳಿಗೂ ರಾಜಧಾನಿ ತಿರುವನಂತಪುರಕ್ಕೂ ಇಮೇಲ್ ಮಾಡುವ ಸಲುವಾಗಿ ನಾನು ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡೆ. ಬೇಸಗೆಯಲ್ಲಿ ಅದು ಚೆನ್ನಾಗಿಯೇ ಇತ್ತು. ಮೊದಲ ಮಳೆ ಬಿದ್ದದ್ದೇ ಮೋಡೆಮಿನ ಹಸಿರು ದೀಪ ಮಿಟುಕತೊಡಗಿತು. ಹತ್ತು ನಿಮಿಷ ನಿಲ್ಲುತ್ತಿತ್ತು, ಕಡಿಯುತ್ತಿತ್ತು, ಮತ್ತೆ ಬರುತ್ತಿತ್ತು. ಕಳುಹಿಸುತ್ತಿದ್ದ ಕಡತ ಅರ್ಧಕ್ಕೆ ನಿಂತು, ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು.

ಇನ್ನೊಂದು ವಿಚಿತ್ರವೂ ಇತ್ತು. ವೇದಿಕೆಯ ಗೆಳೆಯ ಸದಾಶಿವ ಒಂದು ದಿನ ಕಾಲೇಜಿಗೇ ಬಂದು ಜಗಳ ತೆಗೆದ.

"ಫೋನ್ ಎತ್ತುದು, ಮಾತಾಡದೆ ಕೂತುಕೊಳ್ಳುದು. ಎಂತ, ಅಷ್ಟು ದೊಡ್ಡ ಜನ ಆದೆಯಾ ಮಾರಾಯ? ವೇದಿಕೆಯಲ್ಲಿ ಎರಡು ಗಂಟೆ ಭಾಷಣ ಮಾಡುವವನಿಗೆ ಒಂದು ಹಲೋ ಹೇಳ್ಲಿಕ್ಕೆ ಬಾಯಿ ನೋವಾ?"

ನಾನು ಫೋನ್ ಎತ್ತಿಯೇ ಇರಲಿಲ್ಲ. ಅದು ಮೊಳಗಿಯೇ ಇರಲಿಲ್ಲ. ಹಾಗೆಂದು ಹೇಳಿದರೆ ಅವನು ನಕ್ಕುಬಿಟ್ಟ.

ನಮ್ಮ ಭಾಗದ ಲೈನ್‌ಮ್ಯಾನ್ ರಾಘವನ್. ನಿಧಾನಸ್ಥರು, ಮಲಯಾಳಂ ಬೆರೆತ ಕನ್ನಡದವರು; ಮೇಷ್ಟ್ರಾದ ನನ್ನನ್ನು 'ಮಾಷೆ' ಎನ್ನುತ್ತಿದ್ದರು. ಅವರು ಎಷ್ಟು ಸಲ ಬಂದರೆಂದು ಲೆಕ್ಕವಿಲ್ಲ. ಫೋನಿಗೂ ಮೋಡೆಮಿಗೂ ತಂತಿ ಕವಲೊಡೆಯುವ ಸ್ಪ್ಲಿಟರ್ ಬದಲಿಸಿದರು. ಒಳಕೋಣೆಯ ಎರಡನೇ ಫೋನನ್ನು ತೆಗೆಸಿದರು. ಕಂಬದಿಂದ ಮನೆಗೆ ಬರುವ ತಂತಿಯನ್ನೇ ಹೊಸದಾಗಿ ಎಳೆದರು. ಕೊನೆಗೆ ಪರೀಕ್ಷಾ ಫೋನನ್ನು ಕಿವಿಗಿಟ್ಟು ಎಕ್ಸ್‌ಚೇಂಜಿನವರೊಡನೆ ಮಾತಾಡಿ, ಜಗಲಿಯಲ್ಲಿ ಕುಳಿತು ಹೇಳಿದರು:

"ಮಾಷೆ, ಇದು ನಿಮ್ಮ ಮನೆಯೊಳಗಿನ ಸಮಸ್ಯೆ ಅಲ್ಲ. ನೆಲದಡಿಯ ಕೇಬಲಿಗೆ ನೀರು ಇಳಿದಿದೆ. ಬೆಲ್ಲಿನ ಕರೆಂಟು ಬರುವಾಗ ಅದು ಸೋರಿ ಹೋಗ್ತದೆ. ಆಗ ಎಕ್ಸ್‌ಚೇಂಜಿಗೆ ನೀವು ಫೋನ್ ಎತ್ತಿದ ಹಾಗೆ ಕಾಣ್ತದೆ. ಆಚೆಯಿಂದ ಮಾಡಿದವರಿಗೂ ಹಾಗೇ. ಎತ್ತಿದ್ದಾರೆ, ಆದರೆ ಮಾತಾಡುದಿಲ್ಲ."

ಓದುಗರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ಆ ದಿನವೇ ಮುಚ್ಚಿಹೋಗಿತ್ತು.

ಹೊಸ ಕೇಬಲ್ ಬರುವುದು ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ನಾನು ಮೇಲಧಿಕಾರಿಗಳಿಗೆ ಮೂರು ದೂರು ಬರೆದೆ — ಚೆನ್ನಾಗಿಯೇ ಬರೆದೆ. ನಾಲ್ಕನೆಯದು ಮಾಹಿತಿ ಹಕ್ಕಿನ ಅರ್ಜಿಯಾಗಿರುತ್ತದೆ, ಯಾವ ನೌಕರ ಯಾವ ದಿನ ಏನು ಕೆಲಸ ಮಾಡಿದನೆಂಬುದನ್ನೆಲ್ಲ ಕೇಳಲಿದ್ದೇನೆ ಎಂದು ರಾಘವನ್ ಅವರಿಗೆ ತಿಳಿಸಿದೆ. ಕೂಗಾಡಲಿಲ್ಲ, ಬಹುವಚನದಲ್ಲೇ ಹೇಳಿದೆ. ಅದನ್ನು ನಾನು ಬೆದರಿಕೆ ಎಂದುಕೊಂಡಿರಲಿಲ್ಲ, ನಾಗರಿಕನ ಹಕ್ಕು ಎಂದುಕೊಂಡಿದ್ದೆ.

ಎರಡು ದಿನಗಳ ನಂತರ, ಮಳೆ ಸ್ವಲ್ಪ ಬಿಟ್ಟಿದ್ದ ಒಂದು ಬೆಳಗ್ಗೆ, ಅವರು ನಮ್ಮ ಗೇಟಿನೆದುರಿನ ಕಂಬದ ಪೆಟ್ಟಿಗೆ ತೆರೆದು ನನ್ನನ್ನು ಕರೆದರು. ಸುತ್ತಲಿನ ಮನೆಗಳ ತಂತಿಗಳೆಲ್ಲ ಜೋಡಿ ಜೋಡಿಯಾಗಿ ಅಲ್ಲಿ ಬಂದು ಸೇರುತ್ತವೆ.

"ಇದರಲ್ಲಿ ಗಟ್ಟಿ ಇರುವುದು ಒಂದೇ ಜೋಡಿ, ಮಾಷೆ. ಆಚೆಮನೆ ಲಲಿತಕ್ಕನದ್ದು. ಅವರಿಗೆ ಮಾತಾಡ್ಲಿಕ್ಕೆ ಮಾತ್ರ ಅಲ್ವಾ..." ಮಾತನ್ನು ಅರ್ಧಕ್ಕೆ ಬಿಟ್ಟರು. ಸ್ಕ್ರೂಡ್ರೈವರ್ ಕೈಯಲ್ಲಿತ್ತು. "ಹಾಕ್ಲಾ?"

ಬೇಡ ಎನ್ನಬಹುದಿತ್ತು. ಹಾಕಿ ಎಂದಾದರೂ ಹೇಳಬಹುದಿತ್ತು. ಅದರಲ್ಲಿ ಕನಿಷ್ಠ ಪ್ರಾಮಾಣಿಕತೆ ಇರುತ್ತಿತ್ತು. ನಾನು ಹೇಳಿದ್ದು ಇದು:

"ಅದು ತಾಂತ್ರಿಕ ವಿಷಯ. ನಿಮಗೇ ಬಿಟ್ಟದ್ದು."

ಅವರು ನನ್ನ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ನಾಲ್ಕು ಸ್ಕ್ರೂ ಸಡಿಲಿಸಿ, ತಂತಿ ಅದಲುಬದಲು ಮಾಡಿ, ಬಿಗಿದರು. ಐದು ನಿಮಿಷದ ಕೆಲಸ. ಎಕ್ಸ್‌ಚೇಂಜಿನ ತುದಿಯಲ್ಲೂ ಹಾಗೆಯೇ ಬದಲಿಸಿದ್ದರಿಂದ ಎರಡೂ ಮನೆಗಳ ನಂಬರು ಮೊದಲಿನಂತೆಯೇ ಉಳಿಯಿತು. ಹಸಿರು ದೀಪ ಆ ಮಳೆಗಾಲವಿಡೀ ಮಿಟುಕಲಿಲ್ಲ.

ಲಲಿತಕ್ಕನ ಗಂಡ ವಸಂತ ಬಹ್ರೈನಿನಲ್ಲಿದ್ದರು. ಮನೆಯಲ್ಲಿ ಇವರು ಮತ್ತು ಎಂಟು ವರ್ಷದ ಮಗಳು. ಕಿಟಕಿಯ ಬಳಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದರು; ಆ ಮನೆಯಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ಮಾತು, ನಗೆ. ವಸಂತ ಪ್ರತಿ ಶುಕ್ರವಾರ ಮಧ್ಯಾಹ್ನ ಫೋನ್ ಮಾಡುತ್ತಿದ್ದರು. ಇಲ್ಲಿಂದ ಅಲ್ಲಿಗೆ ಮಾಡುವ ಸೌಲಭ್ಯ ಅವರ ಫೋನಿಗೆ ಇರಲಿಲ್ಲ.

ಮಳೆಯ ಶುಕ್ರವಾರಗಳು ಒಂದರ ಹಿಂದೆ ಒಂದು ಹೋದವು. ಅಲ್ಲಿ ವಸಂತನಿಗೆ ಯಾರೋ ಫೋನ್ ಎತ್ತಿದಂತೆ, ಎತ್ತಿ ಉಸಿರು ಬಿಗಿಹಿಡಿದಂತೆ. ಇಲ್ಲಿ ಲಲಿತಕ್ಕನಿಗೆ ಒಂದು ಸಣ್ಣ 'ಟಿಕ್', ಮತ್ತೆ ಮೌನ. ಕಾದು ಕಾದು ಅವರು ಬಂದ್ಯೋಡಿನ ಬೂತಿಗೆ ಹೋಗಿ ಗಂಡನಿಗೆ ಕರೆಮಾಡಿದರು. ನಾನು ಮನೆಗೆ ಮಾಡಿದಾಗ ಮಾತಾಡದೆ ಬೂತಿಗೆ ಯಾಕೆ ಹೋದೆ, ಮನೆಯಲ್ಲಿ ಫೋನ್ ಎತ್ತುವುದು ಯಾರು ಎಂದು ವಸಂತ ಕೇಳಿದರಂತೆ.

ಇದನ್ನೆಲ್ಲ ಅವರೇ ನನಗೆ ಹೇಳಿದ್ದು. ಒಂದು ಸಂಜೆ ಮಗಳನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದರು.

"ಫೋನ್ ಹಾಳು ಅಂತ ಒಂದು ಕಾಗದ ಬರೆದುಕೊಡಿ ಮಾಷ್ಟ್ರೆ. ಅವರಿಗೆ ಕಳಿಸ್ತೇನೆ. ನಾನು ಹೇಳಿದ್ರೆ ನಂಬುದಿಲ್ಲ. ನೀವು ಬರೆದ್ರೆ ನಂಬ್ತಾರೆ."

ಊರಿನವರ ಅರ್ಜಿಗಳನ್ನೆಲ್ಲ ಬರೆಯುತ್ತಿದ್ದವನು ನಾನೇ. ಒಳಗೆ ಹೋಗಿ ಮೇಜಿನ ಮುಂದೆ ಕುಳಿತೆ. ಪಕ್ಕದಲ್ಲಿ ಮೋಡೆಮ್ ಇತ್ತು. ಬರೆದದ್ದು ಇಷ್ಟು: "ಮಳೆಗಾಲದಲ್ಲಿ ಈ ಭಾಗದ ಕೆಲವು ದೂರವಾಣಿಗಳಲ್ಲಿ ತಾಂತ್ರಿಕ ತೊಂದರೆ ಕಂಡುಬರುತ್ತಿದ್ದು, ಶ್ರೀಮತಿ ಲಲಿತಾ ಅವರ ದೂರವಾಣಿಯಲ್ಲೂ ಅಂತಹ ತೊಂದರೆ ಇದ್ದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು."

ಲಲಿತಕ್ಕ ಅದನ್ನು ಎರಡು ಸಲ ಓದಿದರು. "ಇದರಲ್ಲಿ ಹೌದು ಅಂತ ಉಂಟಾ, ಇಲ್ಲ ಅಂತ ಉಂಟಾ?"

"ಹೌದು ಎಂದೇ ಅರ್ಥ," ಎಂದೆ.

ಸುಳ್ಳಿಲ್ಲದ ವಾಕ್ಯ ಅದು. ಸತ್ಯ ನನ್ನ ಗೇಟಿನೆದುರಿನ ಪೆಟ್ಟಿಗೆಯಲ್ಲಿತ್ತು. ಅಲ್ಲಿಯವರೆಗೆ ಯಾರೂ ಬಂದು ನೋಡದ ಹಾಗೆ ಬರೆದಿದ್ದೆ. ಖಚಿತವಾಗಿ ಬರೆದರೆ, ಅಷ್ಟು ಖಚಿತವಾಗಿ ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು. ಮಾಷ್ಟ್ರಿಗೇ ಖಾತ್ರಿ ಇಲ್ಲ ಎಂದು ವಸಂತ ಆ ಕಾಗದದಿಂದ ಅರ್ಥಮಾಡಿಕೊಂಡರು. ಸರಿಯಾಗಿಯೇ ಅರ್ಥಮಾಡಿಕೊಂಡರು.

ಮಳೆ ನಿಂತ ಮೇಲೆ ವಸಂತನ ಅಣ್ಣ ಕೃಷ್ಣಪ್ಪ ಉಪ್ಪಳದಿಂದ ಫೋನನ್ನು ಪರೀಕ್ಷಿಸಲೆಂದು ಬಂದರು. ಸುಡುಬಿಸಿಲು, ನೆಲ ಒಣಗಿತ್ತು. ನೇರ ನಮ್ಮಲ್ಲಿಗೆ ಬಂದು, "ನಿಮ್ಮ ಫೋನಿನಿಂದ ಅಲ್ಲಿಗೊಂದು ರಿಂಗ್ ಕೊಡಿ ಸರ್, ನೋಡುವ," ಎಂದರು. ಕೊಟ್ಟೆ. ಗೋಡೆಯಾಚೆ ಫೋನ್ ಸ್ಪಷ್ಟವಾಗಿ ಮೊಳಗಿತು. ಲಲಿತಕ್ಕ ಎತ್ತಿ ಹಲೋ ಎಂದರು. ಕೃಷ್ಣಪ್ಪ ನನ್ನ ಕೈಯಿಂದ ರಿಸೀವರ್ ತೆಗೆದು ಕೆಳಗಿಟ್ಟರು. "ಫೋನಿಗೆ ಎಂತದೂ ಆಗ್ಲಿಲ್ಲ. ಆದದ್ದು ಮನುಷ್ಯರಿಗೆ."

ಬಿಸಿಲಿನಲ್ಲಿ ಸರಿಯೇ ಇರುತ್ತದೆ, ಮಳೆಯಲ್ಲಿ ನೋಡಬೇಕು — ಇಷ್ಟು ಹೇಳಿದ್ದರೂ ಸಾಕಿತ್ತು. ಹೇಳಲಿಲ್ಲ. ಕುಡಿಯಲು ನೀರು ಬೇಕೇ ಎಂದು ಕೇಳಿದೆ.

ಆ ತಿಂಗಳೊಳಗೆ ಲಲಿತಕ್ಕನನ್ನೂ ಮಗಳನ್ನೂ ಉಪ್ಪಳಕ್ಕೆ, ಕೃಷ್ಣಪ್ಪನ ಮನೆಗೆ ಸಾಗಿಸಿದರು. ಒಂಟಿಯಾಗಿ ಇರುವುದು ಬೇಡ ಎಂಬುದು ಹೊರಗೆ ಹೇಳಿದ ಕಾರಣ. ಹೊಲಿಗೆ ಮೆಷಿನ್ ಟೆಂಪೋದಲ್ಲಿ ಹೋಯಿತು. ಆದರೆ ಆ ಮನೆಗೆ ರವಿಕೆ ಹಿಡಿದುಕೊಂಡು ಯಾರೂ ಬರುವ ಹಾಗಿರಲಿಲ್ಲ. ಫೋನ್ ಮೊಳಗಿದರೆ ಎತ್ತುವುದು ಕೃಷ್ಣಪ್ಪ, ಇವರಿಗೆ ಕೊಡುವುದು ಆಮೇಲೆ. ಬಂದ್ಯೋಡಿನ ಮನೆಗೆ ಬೀಗ ಬಿತ್ತು. ಓಣಿಯಲ್ಲಿ ಹೆಂಗಸರು ಸೇರಿದಾಗ ಅವರ ಹೆಸರು ಬಂದರೆ ದನಿ ತಗ್ಗುತ್ತಿತ್ತು.

ನಾನು ನನ್ನೊಡನೆ ಚರ್ಚಿಸಿದ್ದೇನೆ. ಎರಡೂ ಪಕ್ಷಗಳನ್ನು ನಾನೇ ಮಂಡಿಸಿ, ತೀರ್ಪನ್ನೂ ನಾನೇ ಕೊಟ್ಟೆ. ಸತ್ಯ ಹೇಳಿದರೆ ರಾಘವನ್ ಅವರ ಕೆಲಸಕ್ಕೆ ಕುತ್ತು ಎಂದೆ — ಅವರನ್ನು ಹೆದರಿಸಿದವನೇ ನಾನು. ವೇದಿಕೆಯ ಹೆಸರು ಕೆಡುತ್ತದೆ ಎಂದೆ. ನಮೂನೆಗಳ ಕೆಲಸ ಮುಗಿಯಲಿ, ತಂತಿಯನ್ನು ಮೊದಲಿನಂತೆ ಮಾಡಿಸೋಣ ಎಂದೆ. ಕೆಲಸ ಮುಗಿಯುವಾಗ ಲಲಿತಕ್ಕನ ಮನೆಯ ಫೋನ್ ಸಂಪರ್ಕವನ್ನೇ ವಾಪಸು ಕೊಟ್ಟಿದ್ದರು. ನಮೂನೆಗಳು ಕನ್ನಡದಲ್ಲಿ ಬಂದವು, ಅದು ನಿಜ. ಅದನ್ನು ಈ ತಪ್ಪಿನೆದುರು ಇಟ್ಟು ತೂಗಲು ನನಗೆ ಅಧಿಕಾರವಿಲ್ಲ.

ಕಳೆದ ವರ್ಷ ವಿದ್ಯಾನಗರದ ಸಿವಿಲ್ ಸ್ಟೇಷನ್ನಿನ, ಅಂದರೆ ಜಿಲ್ಲಾ ಕಚೇರಿಗಳ ಕಟ್ಟಡದ, ವರಾಂಡದಲ್ಲಿ ಲಲಿತಕ್ಕ ಎದುರಾದರು. ಮಗಳ ಯಾವುದೋ ಪ್ರಮಾಣಪತ್ರಕ್ಕೆ ಬಂದಿದ್ದರು. ಕೂದಲು ಅರ್ಧ ನೆರೆತಿತ್ತು. "ಮಾಷ್ಟ್ರು ಸ್ವಲ್ಪ ತೋರ ಆಗಿದ್ದೀರಿ," ಎಂದು ನಕ್ಕರು. ಆ ನಗೆಯನ್ನು ಕೇಳಿದ ಮೇಲೆ ತಡೆಯಲಾಗಲಿಲ್ಲ. ಅಲ್ಲೇ, ಗೋಡೆಗೆ ತಾಗಿದ ಬೆಂಚಿನಲ್ಲಿ ಕುಳಿತು ಪೆಟ್ಟಿಗೆ, ತಂತಿ, ಕಾಗದ ಎಲ್ಲವನ್ನೂ ಹೇಳಿದೆ.

ಅವರು ಅಳಲಿಲ್ಲ. ಬೈಯಲೂ ಇಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಹೇಳಿದರು:

"ನಾನು ಫೋನ್ ಎತ್ತಲಿಲ್ಲ ಅಂತ ನನಗೆ ಆಗಲೇ ಗೊತ್ತಿತ್ತಲ್ಲ, ಮಾಷ್ಟ್ರೆ. ನನ್ನ ಹತ್ರ ಹೇಳಿ ಎಂತ ಪ್ರಯೋಜನ?"

ಮುಂದಿನ ಭಾನುವಾರ ಉಪ್ಪಳಕ್ಕೆ ಹೋದೆ. ಗಲ್ಫ್ ಬಿಟ್ಟು ಬಂದಿದ್ದ ವಸಂತ ಅಣ್ಣನೊಡನೆ ಜಗಲಿಯಲ್ಲಿ ಕುಳಿತಿದ್ದರು. ಇಬ್ಬರ ಮುಂದೆಯೂ ಹೇಳಿದೆ. ಕೃಷ್ಣಪ್ಪ ಎದ್ದು ಒಳಗೆ ಹೋದರು. ವಸಂತ ಕೇಳಿದ್ದು ಒಂದೇ ಮಾತು.

"ಕಾಗದ ಬರೆಯುವಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ನನ್ನನ್ನು ಹೋಗಿ ಎನ್ನಲಿಲ್ಲ, ಇರಿ ಎನ್ನಲೂ ಇಲ್ಲ. ನಾನಾಗಿಯೇ ಎದ್ದು ಬಂದೆ. ಆ ಮನೆಯಲ್ಲಿ ಆಮೇಲೆ ಏನಾಯಿತೆಂದು ತಿಳಿಯದು. ತಿಳಿದುಕೊಳ್ಳುವ ಹಕ್ಕು ನನಗಿಲ್ಲ.

ಆದರೆ ನಮ್ಮ ಓಣಿಯಲ್ಲಿ ಇಂದಿಗೂ ದನಿ ತಗ್ಗಿಸುವವರಿದ್ದಾರೆ. ಒಬ್ಬೊಬ್ಬರ ಮನೆಗೂ ಹೋಗಿ ಹೇಳುತ್ತಿದ್ದೇನೆ. ಹಾಗೆ ಹೇಳಲು ಬಿಟ್ಟುಹೋದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಆ ಶುಕ್ರವಾರಗಳಂದು ಲಲಿತಕ್ಕ ಫೋನ್ ಎತ್ತಿರಲಿಲ್ಲ. ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಫೋನ್ ಮೊಳಗಲೆಂದು ಕಾಯುತ್ತಿದ್ದರು.