ಒಬ್ಬಳೇ ನಿಂತವಳು

ಭಾನುವಾರ ಸಂಜೆ ನಾಲ್ಕೂವರೆಗೆ ಮೇಜಿನ ಖಾನೆ ಒರೆಸುವುದು ನನ್ನ ಪದ್ಧತಿ. ನಿನ್ನೆ ಒರೆಸುವಾಗ ಹಳೆಯ ಹಿತ್ತಾಳೆ ಸೀಟಿ ಸಿಕ್ಕಿತು. ಬಾಯಿಗಿಟ್ಟೆ, ಊದಲಿಲ್ಲ. ನಾಲಿಗೆಗೆ ಲೋಹದ ರುಚಿ ತಗುಲಿದ್ದೇ ತಡ, ಹಗರಿಬೊಮ್ಮನಹಳ್ಳಿಯ ಆ ಮೈದಾನ, ಇಳಿಬಿಸಿಲಿನಲ್ಲಿ ತೇಲುತ್ತಿದ್ದ ಧೂಳು, ಕೋಲಿಗೆ ಚೆಂಡು ತಾಗುವ ಟಕ್ ಎಂಬ ಸದ್ದು ಮೆಲ್ಲಗೆ ಎದ್ದು ಬಂದವು.

ನಾನಲ್ಲಿ ಹುಡುಗಿಯರಿಗೆ ಹಾಕಿ ಕಲಿಸುತ್ತಿದ್ದೆ. ಹೆಸರಾಗಿದ್ದು ಮಾತ್ರ ಶಿಕ್ಷೆಗೆ. ಒಂದು ನಿಮಿಷ ತಡವಾದರೂ ಗೋಲಿನ ಕಂಬದ ಪಕ್ಕ ನಿಲ್ಲಿಸುತ್ತಿದ್ದೆ. ಸುತ್ತಲ ಊರಿನ ತಾಯಂದಿರಿಗೆಲ್ಲ ಅದು ಗೊತ್ತು. ಹಾಗಾಗಿ ಮಗಳ ಪಂದ್ಯ ನೋಡಲು ಕೋಗಳಿಯಿಂದ ಬಸ್ಸಿಗೆ ಬಂದ ಹನುಮಕ್ಕನದು ತಪ್ಪೆನ್ನಲಾರೆ. ಆಕೆಯ ಮಗಳು ಗಿರಿಜಾ ನಮ್ಮ ಗೋಲ್‌ಕೀಪರ್. ಆ ದಿನ ತೀರ್ಪುಗಾರನೂ ನಾನೇ. ಆಟದ ನಡುವೆಯೇ ಹನುಮಕ್ಕ ಮೈದಾನಕ್ಕಿಳಿದು ಮಗಳ ಕಾಲಿನ ದಪ್ಪ ಪ್ಯಾಡು ಬಿಚ್ಚತೊಡಗಿದಳು.

“ಎಲ್ಲಾ ಹುಡಿಗೇರು ಓಡಾಡ್ತಾರ. ನಮ್ಮಾಕಿನ್ನ ಒಬ್ಬಾಕಿನ್ನ ಕಂಬದ ನಡುವ ಕಾಲು ಕಟ್ಟಿ ನಿಲ್ಸೀರಿ. ಅಂಥಾದ್ದೇನ್ ತಪ್ಪು ಮಾಡ್ಯಾಳ್ರಿ ಸರ?”

“ಬಿಡಬೇ ಅವ್ವಾ,” ಎಂದು ಗಿರಿಜಾ ತಲೆ ತಗ್ಗಿಸಿದಳು.

“ಆಟ ನಡೆದಾಗ ಒಳಗ ಬರಬಾರ್ದು,” ಎಂದೆ. ನನ್ನ ಹತ್ತಿರ ಇದ್ದದ್ದು ನಿಯಮವೊಂದೇ.

“ಹಂಗಾರ ಆಟಾನ ಬ್ಯಾಡ್ರಿ. ನಡೀ ಮನಿಗೆ.”

ಈಗ ಹೋದರೆ ಗಿರಿಜಾ ಮತ್ತೆ ಮೈದಾನಕ್ಕೆ ಬರುವುದಿಲ್ಲ ಎಂಬುದು ನನಗೂ ಅವಳಿಗೂ ಗೊತ್ತಿತ್ತು. ಸೇವೆಯಲ್ಲೇ ಮೊದಲ ಸಲ ಸೀಟಿಯನ್ನು ಇನ್ನೊಬ್ಬ ಶಿಕ್ಷಕರ ಕೈಗಿಟ್ಟೆ. “ಹತ್ತು ನಿಮಿಷ ನೋಡ್ರಿ, ಆಮ್ಯಾಲೆ ಕರ್ಕೊಂಡು ಹೋಗ್ರಿ,” ಎಂದು ಹನುಮಕ್ಕನನ್ನು ಬೇಡಿ, ಮೈದಾನದ ಅಂಚಿನ ಕಲ್ಲಿನ ಮೇಲೆ ಆಕೆಯ ಪಕ್ಕ ಕುಳಿತೆ. ಗಿರಿಜಾ ಪ್ಯಾಡು ಮತ್ತೆ ಬಿಗಿದುಕೊಂಡಳು.

“ಹನ್ನೊಂದು ಮಂದ್ಯಾಗ ಕಾಲಿಲೆ ಚೆಂಡು ತಡಿಯೋ ಹಕ್ಕು ಈಕಿಗಷ್ಟ ಐತಿ. ಉಳಿದೋರ ಕಾಲಿಗೆ ಬಡಿದ್ರ ತಪ್ಪು. ಅದಕ್ಕ ಸೀಟಿ.”

ಆಕೆ ನಂಬಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಚೆಂಡು ನುಗ್ಗಿ ಬಂತು, ಗಿರಿಜಾ ಒದ್ದಳು. ಸೀಟಿ ಕೇಳಲಿಲ್ಲ. ಹನುಮಕ್ಕ ಪಕ್ಕದ ಹೆಂಗಸಿನ ಕಡೆ ತಿರುಗಿದಳು. “ನಮ್ಮಾಕಿ ಒದ್ರ ಊದಲಿಲ್ಲ ನೋಡಬೇ.”

ಪಂದ್ಯ ಸೋತೆವು. ಮುಂದಿನ ಪಂದ್ಯಕ್ಕೆ ಹನುಮಕ್ಕ ನಾಲ್ಕು ಜನರನ್ನು ಕರೆತಂದು, ಪ್ರತಿ ಸೀಟಿಗೂ ತಾನೇ ಅರ್ಥ ಹೇಳಿದಳು.

ಈಗ ಹಾಕಿ ದೊಡ್ಡ ಲೀಗ್ ಆಗಿದೆ. ಬಣ್ಣದ ದೀಪ, ಡೋಲು. ಹೊಸ ಅಭಿಮಾನಿಗಳು ಬೇಕಂತೆ. ದೀಪ ಉರಿಯಲಿ, ಡೋಲೂ ಬಾರಿಸಲಿ. ಆದರೆ ನೀವು ಕೇಳಿದರೆ ನಾನು ಆ ಕಲ್ಲನ್ನು ತೋರಿಸುತ್ತೇನೆ, ಹೊಸಬರ ಪಕ್ಕ ಕೂತು ಅವರ ಮಾತಿನಲ್ಲೇ ಹೇಳುವ ಒಬ್ಬರನ್ನು.

ಉಪದೇಶ ಸುಲಭ. ನಿನ್ನೆ ಐದಕ್ಕೆ ಸರಿಯಾಗಿ ವಾಕಿಂಗಿಗೆ ಬೂಟು ಹಾಕುತ್ತಿದ್ದೆ. ಟಿವಿಯಲ್ಲಿ ಹುಡುಗಿಯರ ಪಂದ್ಯ ಬರುತ್ತಿತ್ತು. ಅವರೆಕಾಯಿ ಬಿಡಿಸುತ್ತಿದ್ದ ನನ್ನ ಹೆಂಡತಿ ಕೇಳಿದಳು: “ಏನ್ರಿ, ಆಕಿನ್ನ ಒಬ್ಬಾಕಿನ್ನ ಯಾಕ ನಿಲ್ಸ್ಯಾರ, ಪಾಪ?”

ಇಡೀ ತಾಲ್ಲೂಕಿಗೆ ಆಟ ಕಲಿಸಿದವನು ಮನೆಯಲ್ಲಿ ಒಂದು ದಿನವೂ ಹೇಳಿರಲಿಲ್ಲ.

ಬೂಟು ಬಿಚ್ಚಿ ಪಕ್ಕದಲ್ಲಿ ಕುಳಿತೆ. ಐದೂ ಇಪ್ಪತ್ತಾಯಿತು. ಅವಳು ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದು ಪರದೆ ನೋಡುತ್ತಿದ್ದಳು.

“ಅಗಾ, ಆ ಓಡೋ ಹುಡಿಗಿ ಕಾಲಿಗೆ ಬಡೀತು. ಊದ್ರಿ.”

ಖಾನೆಯಿಂದ ತೆಗೆದ ಸೀಟಿ ಇನ್ನೂ ನನ್ನ ಜೇಬಿನಲ್ಲೇ ಇತ್ತು. ಊದಿದೆ.