ಮಾವನ ಮುಖದ ದೇವರು

ಜಪಾನಿನ ಓಜಿಮಾದಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಎಂಬತ್ತು ದಾಟಿದ ದಂಪತಿ ಇದ್ದಾರೆ. ಅಜ್ಜ ಮೊದಲು ಬಡಗಿಯಾಗಿದ್ದವರು. ಕಳೆದ ವರ್ಷ ಒಂದು ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿ, ಬಗ್ಗಿ ನಮಸ್ಕರಿಸಿ, ಏನೋ ಕೇಳಿದರು. ನನ್ನ ಜಪಾನೀಸ್ ಕೊಂಬಿನಿ ಅಂಗಡಿಯಿಂದಾಚೆಗೆ ನಡೆಯುವುದಿಲ್ಲ. ಮಗಳನ್ನು ಕರೆದೆ.

"ಅಮ್ಮಾ, ಕಾವಾಸಾಕಿಯಿಂದ ಒಂದು god ತರ್ಬೇಕಂತೆ. It's heavy ಅಂತೆ."

ದೇವರ ಕೆಲಸಕ್ಕೆ ಇಲ್ಲ ಎನ್ನಲಾಗಲಿಲ್ಲ. ಮೂವರೂ ಹೊರಟೆವು.

ರೈಲಿನಲ್ಲಿ ಅಜ್ಜ ಕಥೆ ಹೇಳಿದರು, ಮಗಳು ತುಂಡು ತುಂಡಾಗಿ ನನಗೆ ದಾಟಿಸಿದಳು. ಅಜ್ಜನ ಹರೆಯದಲ್ಲಿ ಕಾವಾಸಾಕಿಯಲ್ಲೊಂದು ಹೋಟೆಲು ಶುರುವಾಯಿತಂತೆ. ಹುಲ್ಲಿನ ಚಾವಣಿ, ಬಿದಿರಿನ ಗೋಡೆ, ಪ್ಲಾಸ್ಟಿಕ್ ತೆಂಗಿನಮರ. ಒಟ್ಟಿನಲ್ಲಿ ದಕ್ಷಿಣ ಸಮುದ್ರದ ದ್ವೀಪ. ಬಾಗಿಲಲ್ಲಿ ನಿಲ್ಲಲು ಭಯಂಕರ ದೇವರೊಂದು ಬೇಕೆಂದ ಮಾಲೀಕನೂ ದ್ವೀಪ ನೋಡಿದವನಲ್ಲ, ಕೆತ್ತಬೇಕಾದ ಇವರೂ ನೋಡಿದವರಲ್ಲ. ಅಲ್ಲಿ ಹುಲ್ಲಿನ ಲಂಗ ತೊಟ್ಟು ಕುಣಿಯುತ್ತಿದ್ದ 'ದ್ವೀಪದ ರಾಜಕುಮಾರಿ' ಪಕ್ಕದ ಬೀದಿಯ ತೋಫು ಅಂಗಡಿಯವನ ಮಗಳು. ಅವಳನ್ನು ಮದುವೆ ಮಾಡಿಕೊಡಿ ಎಂದು ಕೇಳಲು ಹೋದ ಇವರನ್ನು ಅವಳಪ್ಪ ಕಣ್ಣು ಕೆಂಪಗೆ ಮಾಡಿ ಓಡಿಸಿದ್ದ. ಭಯಂಕರ ಮುಖಕ್ಕೆ ಬೇರೆಲ್ಲಿ ಹುಡುಕುವುದು? ಅದನ್ನೇ ಕೆತ್ತಿದರು.

ಒಂದು ದಿನ ಆ ಅಪ್ಪನೇ ಮಗಳ ಕುಣಿತ ನೋಡಲು ಬಂದ. ಅಡುಗೆಮನೆಯವರೆಲ್ಲ ಉಸಿರು ಬಿಗಿಹಿಡಿದು ಇಣುಕಿದರು.

"ಆಮೇಲೆ?" ಎಂದೆ.

"ಮುಖದಲ್ಲಿ ಎಂಥಾ ಗಾಂಭೀರ್ಯ, ಕೆತ್ತಿದ್ಯಾರು ಅಂತ ಕೇಳಿದ್ರಂತೆ. Then he said yes to the wedding!"

ತನ್ನದೇ ಮುಖವೆಂದು ಅವನಿಗೆ ಗೊತ್ತಾಯಿತೋ ಇಲ್ಲವೋ, ಕೊನೆಯವರೆಗೂ ಬಾಯಿಬಿಡಲಿಲ್ಲವಂತೆ.

ನಾವು ತಲುಪಿದಾಗ ಹೋಟೆಲನ್ನು ಕೆಡವಲು ಸುತ್ತಲೂ ಪರದೆ ಕಟ್ಟಿದ್ದರು. ಸೊಂಟದೆತ್ತರದ ದೇವರು ಹೊರಗೆ ಕಾಯುತ್ತಿತ್ತು. ನನ್ನ ಹಳೆಯ ಹತ್ತಿ ಸೀರೆಯಲ್ಲಿ ಅದನ್ನು ಸುತ್ತಿ ರೈಲು ಹತ್ತಿಸಿದೆವು. ತಿರುವಿನಲ್ಲಿ ಅದರ ಮೇಲೆ ವಾಲಿದ ಕೋಟುಧಾರಿಯೊಬ್ಬ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಅದಕ್ಕೇ ತಲೆಬಾಗಿದ. ಮಗಳು ನಗು ತಡೆಯಲಾರದೆ ನನ್ನ ಬೆನ್ನಿಗೆ ಮುಖ ಒತ್ತಿಕೊಂಡಳು.

ಮನೆಯಲ್ಲಿ ಸೀರೆ ಬಿಚ್ಚಿದೊಡನೆ ಅಜ್ಜಿ ಹತ್ತಿರ ಬಂದರು. ದೇವರ ಮೂಗಿನ ಹೊಳ್ಳೆಯ ದೂಳು ಒರೆಸುತ್ತಾ ಏನೋ ಗೊಣಗಿದರು.

"ಏನಂತೆ?"

"ಅವತ್ತು ಅವರಪ್ಪ ಡ್ಯಾನ್ಸೇ ನೋಡ್ಲಿಲ್ವಂತೆ. Whole time ಈ ಗೊಂಬೇನೇ ನೋಡ್ತಾ ಇದ್ರಂತೆ."

ಅಜ್ಜಿ ದೇವರನ್ನು ತಮ್ಮತ್ತ ತಿರುಗಿಸಿಕೊಂಡು, ಕೈಗಳನ್ನು ಅಲೆಯಂತೆ ಆಡಿಸಿ ಕುಣಿಯತೊಡಗಿದರು. ಮೂರನೇ ಹೆಜ್ಜೆಗೆ ಮಂಡಿ ಕೈಕೊಟ್ಟಿತು. ಅಜ್ಜ ಅವರ ಬಳಿಗೆ ಕುರ್ಚಿ ತಳ್ಳಿದರು. ಉಳಿದದ್ದನ್ನು ಅಜ್ಜಿ ಅದರಲ್ಲಿ ಕೂತೇ ಕುಣಿದು ಮುಗಿಸಿದರು.